ಜುಲೈ ಬಿಸಿಲಲ್ಲಿ ಡೆತ್ ವ್ಯಾಲಿ ಟೂರ್: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕೃಷ್ಣೆ ದಡದವನು:

ಎಲ್ಲರಿಗೂ ನಮಸ್ಕಾರ. ಇರುವುದು ಫ್ರೀಮಾಂಟ್‌ನಲ್ಲಿ, ಊರು ರಾಯಚೂರು. ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾರೆ. ಆಗಸ್ಟ್ ಮೊದಲ ವಾರ ವಾಪಸ್ ಹೊರಡುತ್ತಾರೆ. ಜುಲೈ ಮಧ್ಯದಲ್ಲಿ ಲಾಸ್ ವೇಗಸ್‌ಗೆ ಹೋಗುವ ಪ್ಲಾನ್ ಇದೆ. ಅಪ್ಪನಿಗೆ ಕ್ಯಾಸಿನೋ, ಲೈಟು, ಕಾರಂಜಿ ಯಾವುದೂ ಬೇಡವಂತೆ. ಅವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿನ ಉಪ್ಪಿನ ಬಯಲಿನ ಫೋಟೋ ಹಾಕಿದ್ದಾರೆ. ಅವತ್ತಿನಿಂದ ಅದೇ ಜಪ. "ಅಲ್ಲಿ ಬಿಸಿಲು ವಿಪರೀತ ಅಪ್ಪ" ಅಂದರೆ "ರಾಯಚೂರಿನವರಿಗೆ ಬಿಸಿಲು ತೋರಿಸ್ತೀಯೇನಲೇ" ಅನ್ನುತ್ತಾರೆ.

ಅಪ್ಪನಿಗೆ 70 ದಾಟಿದೆ. ಬಿಪಿ ಮಾತ್ರೆ ತಗೊಳ್ತಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ನನ್ನ ಕಾರು ಹಳೆಯದು, ಆ ಬಿಸಿಲಲ್ಲಿ ಅದನ್ನು ನಂಬುವ ಧೈರ್ಯ ಇಲ್ಲ. ಹಾಗಾಗಿ ವೇಗಸ್‌ನಿಂದ ಹೊರಡುವ ಗೈಡೆಡ್ ಟೂರ್ ನೋಡುತ್ತಿದ್ದೇನೆ. ಎರಡು ತರಹದ್ದು ಸಿಕ್ಕಿವೆ. ಒಂದು ದೊಡ್ಡ ಬಸ್ಸು, ಬೆಳಗ್ಗೆ 8ಕ್ಕೆ ಹೊರಡುತ್ತದೆ, ಅಗ್ಗ. ಇನ್ನೊಂದು ಸಣ್ಣ ವ್ಯಾನು, ಬೆಳಗಿನ ಜಾವ 5ಕ್ಕೆ ಹೊರಡುತ್ತದೆ, ದರ ಹೆಚ್ಚುಕಡಿಮೆ ಡಬಲ್.

ಬೇಸಿಗೆಯಲ್ಲಿ ಹೀಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ವ್ಯಾನಿಗೆ ಅಷ್ಟು ದುಡ್ಡು ಕೊಡುವುದರಲ್ಲಿ ಅರ್ಥ ಇದೆಯಾ? ಅಥವಾ ಸುಮ್ನೆ ಬೇರೆ ಜಾಗ ನೋಡಿಕೊಳ್ಳಲಾ?

ಸೋನೆ ಮಳೆ:

ಬೇಡ. ಚಳಿಗಾಲದಲ್ಲಿ ಚಂದದ ಜಾಗ, ಜುಲೈನಲ್ಲಿ ವಯಸ್ಸಾದವರ ಜೊತೆ ಬೇಡ. 2024ರ ಜುಲೈ 6ರಂದು ಬೈಕಿನಲ್ಲಿ ಹೋದ ಆರು ಜನರಲ್ಲಿ ಒಬ್ಬರು ಅಲ್ಲೇ ತೀರಿಕೊಂಡರು. ಅವತ್ತು 53 ಡಿಗ್ರಿ ಇತ್ತು. ಸೆಲ್ಸಿಯಸ್ ಹೇಳ್ತಿದ್ದೀನಿ, ನೆನಪಿರಲಿ. ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್‌ಗೆ ಹೋಗಿ. 2,100 ಮೀಟರ್ ಎತ್ತರ, ಹವೆ ತಂಪು. ನೋಡುವುದಕ್ಕೂ ಅದೇ ದೊಡ್ಡದು.

ಮಂಡಕ್ಕಿ ಮೆಣಸಿನಕಾಯಿ:

ನಿಮ್ಮ ಅಪ್ಪನ ಮಾತು ಓದಿ ನಗು ಬಂತು. ನಮ್ಮ ಮಾವನೂ ಥೇಟ್ ಹಾಗೇ. ಬಳ್ಳಾರಿಯವರು, ಕೆಇಬಿಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕಂಬದ ಮೇಲೆ ಕೂತು ಕೆಲಸ ಮಾಡಿದ ಮನುಷ್ಯ. ನಾವಿರುವುದು ವೇಗಸ್ ಪಕ್ಕದ ಹೆಂಡರ್ಸನ್‌ನಲ್ಲಿ. ಹೋದ ವರ್ಷ ಜುಲೈನಲ್ಲಿ ಮಾವನನ್ನೂ ಅತ್ತೆಯನ್ನೂ ಗೈಡೆಡ್ ಟೂರ್‌ನಲ್ಲೇ ಕರೆದುಕೊಂಡು ಹೋಗಿದ್ದೆ. ಸೋನೆ ಮಳೆಯವರು ಹೇಳಿದ್ದು ತಪ್ಪಲ್ಲ. ಆದರೆ ನನ್ನ ಉತ್ತರ "ಹೋಗಿ, ಸಣ್ಣ ವ್ಯಾನಿನಲ್ಲೇ ಹೋಗಿ". ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಮೊದಲು ಬಿಸಿಲಿನ ಮಾತು. ರಾಯಚೂರು ಬಳ್ಳಾರಿ ಕಡೆ 42, 43 ಆದರೆ ಪೇಪರಿನಲ್ಲಿ ಬರುತ್ತದೆ. ಡೆತ್ ವ್ಯಾಲಿಯಲ್ಲಿ ಜುಲೈನಲ್ಲಿ ದಿನದ ಸರಾಸರಿ ಗರಿಷ್ಠವೇ 47ರ ಹತ್ತಿರ. 2024ರ ಜುಲೈನಲ್ಲಿ ಹಗಲು ರಾತ್ರಿ ಸೇರಿಸಿದ ಸರಾಸರಿ 42.5 ಡಿಗ್ರಿ ಇತ್ತು. ಇನ್ನೊಂದು ಸಲ ಓದಿ, ರಾತ್ರಿಯನ್ನೂ ಸೇರಿಸಿ! ನಮ್ಮೂರಲ್ಲಿ ಸಂಜೆ ಮಾಳಿಗೆಗೆ ನೀರು ಹೊಡೆದು ಚಾಪೆ ಹಾಸಿದರೆ ನಿದ್ದೆ ಬರುತ್ತದೆ. ಇಲ್ಲಿ ಆ ಬಿಡುವೇ ಇಲ್ಲ. ಉದ್ದಕ್ಕೆ ಕಿರಿದಾದ ಕಣಿವೆ, ಎರಡೂ ಕಡೆ ಎತ್ತರದ ಬೆಟ್ಟ, ತಳ ಸಮುದ್ರ ಮಟ್ಟಕ್ಕಿಂತ ಕೆಳಗೆ, ಗಿಡ ಮರ ಇಲ್ಲ. ಬಿಸಿಯಾದ ಗಾಳಿ ಮೇಲೇರುತ್ತದೆ, ಬೆಟ್ಟ ದಾಟಲಾಗದೆ ಮತ್ತೆ ಕೆಳಗಿಳಿಯುತ್ತದೆ, ಇಳಿಯುವಾಗ ಒತ್ತಡಕ್ಕೆ ಇನ್ನಷ್ಟು ಕಾಯುತ್ತದೆ. ಸಮುದ್ರದ ಕಡೆಯಿಂದ ಬರುವ ಮೋಡಗಳು ಮಧ್ಯದ ಬೆಟ್ಟಸಾಲುಗಳಲ್ಲೇ ಖಾಲಿಯಾಗುತ್ತವೆ. ವರ್ಷಕ್ಕೆ 50 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು.

ಇನ್ನೊಂದು ವ್ಯತ್ಯಾಸ ಇದೆ. ಬೆವರು ಕಾಣುವುದೇ ಇಲ್ಲ. ಚರ್ಮದ ಮೇಲೆ ಬರುವ ಮುಂಚೆ ಆರಿಹೋಗುತ್ತದೆ. ಬೆವರು ಕಂಡರೆ ತಾನೇ ನೀರು ಕುಡಿಯಬೇಕು ಅನ್ನಿಸುವುದು? ಅದಕ್ಕೇ ನಮ್ಮ ಕಡೆಯವರೇ ಇಲ್ಲಿ ಜಾಸ್ತಿ ಎಡವುವುದು, ಅಭ್ಯಾಸ ಇದೆ ಅಂದುಕೊಂಡು.

ಈಗ ಟೂರ್. ನಮ್ಮದು ಹತ್ತು ಸೀಟಿನ ವ್ಯಾನು, ಬೆಳಗ್ಗೆ 5ಕ್ಕೆ ಪಿಕಪ್. ಗೈಡು ಪಹ್ರಂಪ್ ಊರಿನವನು, ಅವನೇ ಡ್ರೈವರ್. ಹತ್ತಿದ ತಕ್ಷಣ ಎಲ್ಲರ ನೀರಿನ ಬಾಟಲಿ ತೋರಿಸಿ ಅಂದ. ಮಾವನಿಗೆ ಕಸಿವಿಸಿ, "ಸ್ಕೂಲ್ ಮಾಸ್ತರ್ ಥರ ಮಾಡ್ತಾನಲ್ಲ" ಅಂದರು. ಆಮೇಲೆ ಒಂದೊಂದು ಜಾಗಕ್ಕೂ ನಿಮಿಷ ಲೆಕ್ಕ. ಇಲ್ಲಿ ಹತ್ತು, ಅಲ್ಲಿ ಹದಿನೈದು. ನಾವು ಇಳಿದಾಗ ಇಂಜಿನ್ ಆಫ್ ಮಾಡುತ್ತಿರಲಿಲ್ಲ, ಒಳಗೆ ಎಸಿ ಓಡುತ್ತಲೇ ಇರಬೇಕು. ಗೈಡಿಗೆ ದುಡ್ಡು ಕೊಡುವುದು ಕಥೆ ಕೇಳುವುದಕ್ಕಲ್ಲ, ಆ ಕಥೆಗಳು ಫೋನಿನಲ್ಲೂ ಸಿಗುತ್ತವೆ. ದುಡ್ಡು ಕೊಡುವುದು ಆ ಗಡಿಯಾರಕ್ಕೆ ಮತ್ತು ಆ ಎಸಿಗೆ. ಯಾವಾಗ ಎಲ್ಲಿ ಇರಬೇಕು, ಯಾವಾಗ ಇರಬಾರದು ಅನ್ನುವುದು ಅವನಿಗೆ ಗೊತ್ತು. ನಾವೇ ಹೋದರೆ "ಇನ್ನೊಂದು ಫೋಟೋ" ಅಂತ ಅರ್ಧ ಗಂಟೆ ನಿಂತುಬಿಡುತ್ತೇವೆ.

ಅವನು ಮೊದಲು ಕರೆದುಕೊಂಡು ಹೋದದ್ದು ಕೆಳಕ್ಕಲ್ಲ, ಮೇಲಕ್ಕೆ. ಡಾಂಟೇಸ್ ವ್ಯೂ. 1,669 ಮೀಟರ್, ಹೆಚ್ಚುಕಡಿಮೆ ನಮ್ಮ ಮಡಿಕೇರಿಯ ತಡಿಯಂಡಮೋಳಿನ ಎತ್ತರ. ಏಳೂವರೆ ಹೊತ್ತಿಗೆ ಅಲ್ಲಿದ್ದೆವು. ಗಾಳಿ ಹಿತವಾಗಿತ್ತು, ಅತ್ತೆ ಸೆರಗು ಹೊದ್ದುಕೊಂಡರು. ಕೆಳಗೆ ಇಡೀ ಕಣಿವೆ ಕಾಣುತ್ತದೆ. ಬಿಳಿ ಉಪ್ಪಿನ ಬಯಲು, ಎದುರಿಗೆ 3,368 ಮೀಟರಿನ ಟೆಲಿಸ್ಕೋಪ್ ಪೀಕ್. ನಡೆಯುವುದೇನೂ ಇಲ್ಲ, ಪಾರ್ಕಿಂಗ್‌ನಿಂದಲೇ ನೋಟ. ನಿಮ್ಮ ಅಮ್ಮನ ಮಂಡಿಗೆ ತೊಂದರೆ ಇಲ್ಲ. ನನ್ನ ಕೇಳಿದರೆ ಇಡೀ ಟೂರ್‌ನಲ್ಲಿ ಇದೇ ಮೊದಲ ನಂಬರ್ ಜಾಗ. ಎಷ್ಟೋ ಅಗ್ಗದ ಟೂರ್‌ಗಳಲ್ಲಿ ಇದೇ ಇರುವುದಿಲ್ಲ.

ಆಮೇಲೆ ಜಬ್ರಿಸ್ಕಿ ಪಾಯಿಂಟ್. ಹಳದಿ ಮಣ್ಣಿನ ಮಡಿಕೆಗಳು. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿದ್ದ ಕೆರೆಯ ಹೂಳು ಗಟ್ಟಿಯಾಗಿ, ಮಳೆ ಕೊರೆದು ಆದದ್ದು. ಸ್ವಲ್ಪ ಏರು ಇದೆ, ಟಾರು ಹಾಕಿದ್ದಾರೆ. ಅತ್ತೆ ಅರ್ಧಕ್ಕೆ ನಿಂತರು, ಅಲ್ಲಿಂದಲೂ ಸಾಕಷ್ಟು ಕಾಣುತ್ತದೆ.

ಬ್ಯಾಡ್‌ವಾಟರ್ ಬೇಸಿನ್ ತಲುಪಿದಾಗ ಒಂಬತ್ತು ದಾಟಿತ್ತು. ಬಾಗಿಲು ತೆಗೆದ ಕೂಡಲೇ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ಇದು ಉತ್ತರ ಅಮೆರಿಕದಲ್ಲೇ ತಗ್ಗಿನ ಜಾಗ, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಹಿಂದಿನ ಬಂಡೆಯ ಮೇಲೆ, ಕತ್ತೆತ್ತಿ ನೋಡಿದರೆ, "ಸಮುದ್ರ ಮಟ್ಟ ಇಲ್ಲಿ" ಅಂತ ಒಂದು ಬೋರ್ಡು ಹಾಕಿದ್ದಾರೆ. ಮಾವ ಬಹಳ ಹೊತ್ತು ಅದನ್ನೇ ನೋಡಿದರು. "ಅಷ್ಟು ಎತ್ತರದ ಕಂಬ ನಾನು ಹತ್ತಿಲ್ಲಮ್ಮ" ಅಂದರು. ಪಕ್ಕದಲ್ಲಿ ಒಂದು ಸಣ್ಣ ಹೊಂಡ ಇದೆ, ನೀರು ಉಪ್ಪು. ಹಿಂದೆ ಒಬ್ಬ ಸರ್ವೇಯವನ ಹೇಸರಗತ್ತೆ ಕುಡಿಯಲು ಒಪ್ಪಲಿಲ್ಲವಂತೆ, ಆ ಹೆಸರು ಅದರಿಂದಲೇ ಬಂತು. ಅಷ್ಟು ಉಪ್ಪಿನಲ್ಲೂ ಪುಟ್ಟ ಬಸವನಹುಳುಗಳು ಬದುಕಿವೆ, ಅದಕ್ಕೇ ಹೊಂಡದ ಪಕ್ಕದಲ್ಲಿ ಹಲಗೆ ಹಾಸಿದ ದಾರಿಯಿಂದ ಇಳಿಯಬಾರದು. ಉಪ್ಪಿನ ಬಯಲಿನಲ್ಲಿ ಸ್ವಲ್ಪ ದೂರ ನಡೆಯಬಹುದು. ಗೈಡು ನಮ್ಮನ್ನು ಹಲಗೆಯ ತುದಿಯಿಂದ ಮುಂದಕ್ಕೆ ಜಾಸ್ತಿ ಬಿಡಲಿಲ್ಲ. ಬೆಳಗ್ಗೆ 10ರ ನಂತರ ಕೆಳಗಿನ ಜಾಗಗಳಲ್ಲಿ ನಡೆಯಬೇಡಿ ಅಂತ ಪಾರ್ಕಿನವರೇ ಬೇಸಿಗೆಯಲ್ಲಿ ಬೋರ್ಡು ಹಾಕುತ್ತಾರೆ. ಈಗ ಹೇಳಿ, ವೇಗಸ್‌ನಿಂದ 8ಕ್ಕೆ ಹೊರಟ ದೊಡ್ಡ ಬಸ್ಸು ಎಷ್ಟು ಹೊತ್ತಿಗೆ ಬ್ಯಾಡ್‌ವಾಟರ್ ಮುಟ್ಟುತ್ತದೆ? ದಾರಿಯೇ ಎರಡು ಗಂಟೆಗೂ ಮೇಲೆ. ಅಗ್ಗದ ಟಿಕೆಟ್ಟಿನ ಗುಟ್ಟು ಅದೇ.

ಆರ್ಟಿಸ್ಟ್ಸ್ ಡ್ರೈವ್ ಅನ್ನುವ ಬಣ್ಣಬಣ್ಣದ ಬೆಟ್ಟದ ರಸ್ತೆಗೂ ದೊಡ್ಡ ಬಸ್ಸು ಹೋಗುವ ಹಾಗಿಲ್ಲ. 25 ಅಡಿಗಿಂತ ಉದ್ದದ ಗಾಡಿಗೆ ಅಲ್ಲಿ ಪ್ರವೇಶ ಇಲ್ಲ. ಡಾಂಟೇಸ್ ವ್ಯೂ ರಸ್ತೆಯ ಕೊನೆಯ ಏರಿಗೂ ಅದೇ ನಿಯಮ. ಅಂದರೆ ದೊಡ್ಡ ಬಸ್ಸಿನವರಿಗೆ ಎರಡು ಒಳ್ಳೆಯ ಜಾಗ ತಪ್ಪಿಹೋಗುತ್ತವೆ.

ಮಧ್ಯಾಹ್ನ ಫರ್ನೆಸ್ ಕ್ರೀಕ್. ಖರ್ಜೂರದ ತೋಟ ಇದೆ, ಹೋಟೆಲ್ ಇದೆ, ತಂಪಾದ ವಿಸಿಟರ್ ಸೆಂಟರ್ ಇದೆ. ಹೊರಗೆ ದೊಡ್ಡ ಡಿಜಿಟಲ್ ಥರ್ಮಾಮೀಟರ್. ನಾವು ಹೋದಾಗ 121 ಅಂತ ತೋರಿಸುತ್ತಿತ್ತು, ಸೆಲ್ಸಿಯಸ್‌ನಲ್ಲಿ 49ರ ಮೇಲೆ. ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಕ್ಯೂ! ಜಗತ್ತಿನ ದಾಖಲೆ ಅಂತ ಹೇಳುವ 56.7 ಡಿಗ್ರಿ ಬರೆದಿಟ್ಟದ್ದು ಇಲ್ಲೇ, 1913ರ ಜುಲೈ 10ರಂದು. ಆ ಅಂಕಿಯನ್ನು ಅನುಮಾನಿಸುವ ಹವಾಮಾನ ತಜ್ಞರೂ ಇದ್ದಾರೆ. ಮಾವ ಮಾತ್ರ ಫೋಟೋಗೆ ನಿಲ್ಲಲಿಲ್ಲ. ನೆರಳಿನಲ್ಲಿದ್ದ ಕಬ್ಬಿಣದ ಕಂಬಿಯನ್ನು ಬೆರಳಿನಿಂದ ಮುಟ್ಟಿ ಕೈ ಹಿಂದೆಳೆದುಕೊಂಡರು. "ನೆರಳಲ್ಲೇ ಹಿಂಗಾ" ಅಂದವರು ಆಮೇಲೆ ಬಳ್ಳಾರಿ ಹೆಸರೆತ್ತಲಿಲ್ಲ.

ಅವರಿಗೆ ಹಿಡಿಸಿದ್ದು ಹಾರ್ಮನಿ ಬೊರಾಕ್ಸ್ ವರ್ಕ್ಸ್. ಉಳಿದವರಿಗೆ ಅದು ಮುರುಕಲು ಗೋಡೆ, ಹಳೇ ಗಾಡಿ. 1883ರಿಂದ 1888ರವರೆಗೆ ಅಲ್ಲಿ ಬಿಳಿಗಾರ ತಯಾರಿಸುತ್ತಿದ್ದರು. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಾಕುತ್ತಾರಲ್ಲ, ಅದೇ. ನೆಲದಿಂದ ಕೆರೆದು ತರುವ ಕೆಲಸ ಚೀನೀ ಕೂಲಿಯಾಳುಗಳದ್ದು. ಅದನ್ನು ಎರಡು ದೊಡ್ಡ ಬಂಡಿಗೆ ತುಂಬಿ, ಹಿಂದೆ ನೀರಿನ ಟ್ಯಾಂಕ್ ಕಟ್ಟಿ, ಹದಿನೆಂಟು ಹೇಸರಗತ್ತೆ ಮತ್ತು ಎರಡು ಕುದುರೆ ಹೂಡಿ 265 ಕಿಲೋಮೀಟರ್ ದೂರದ ಮೊಹಾವಿ ರೈಲ್ವೆ ಸ್ಟೇಷನ್‌ಗೆ ಸಾಗಿಸುತ್ತಿದ್ದರು. ಹಿಂದಿನ ಚಕ್ರ ಏಳು ಅಡಿ ಎತ್ತರ. ಬೇಸಿಗೆಯಲ್ಲಿ ಇಲ್ಲಿ ಕೆಲಸ ನಿಲ್ಲುತ್ತಿತ್ತು ಅಂತ ಗೈಡು ಹೇಳಿದ. ನೀರು ತಣಿಯುತ್ತಿರಲಿಲ್ಲ, ತಣಿಯದೆ ಬಿಳಿಗಾರ ಹರಳುಗಟ್ಟುತ್ತಿರಲಿಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾವ ಕೇಳಿದರು: "ಅಂದ್ರೆ ಆಳುಗಳಿಗೆ ಬಿಸಿಲು ಅಂತ ನಿಲ್ಲಿಸಲಿಲ್ಲ. ಮಾಲು ಗಟ್ಟಿಯಾಗಲ್ಲ ಅಂತ ನಿಲ್ಲಿಸಿದರು?" ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವನೂ ಒಂದು ಕ್ಷಣ ಸುಮ್ಮನಾದ. "ಹೌದು, ಹಾಗೇ" ಅಂದ.

ಒಂದು ಆಕ್ಷೇಪ ಇದೆ. 1849ರಲ್ಲಿ ಚಿನ್ನ ಹುಡುಕಿಕೊಂಡು ಬಂದು ದಾರಿ ತಪ್ಪಿದವರ ಕಥೆಯನ್ನು ಗೈಡು ದಾರಿಯುದ್ದಕ್ಕೂ ಹೇಳಿದ. ಸಾವಿರಾರು ವರ್ಷಗಳಿಂದ ಅಲ್ಲಿರುವ ಟಿಂಬಿಶಾ ಶೋಶೋನಿ ಜನರ ಬಗ್ಗೆ ಎರಡೇ ಮಾತು. ಅವರ ಹಳ್ಳಿ ಫರ್ನೆಸ್ ಕ್ರೀಕ್ ಪಕ್ಕದಲ್ಲೇ ಇದೆ, ಈಗಲೂ ಜನ ಇದ್ದಾರೆ. ಹಿಂದಿನ ಕಾಲದಲ್ಲಿ ಅವರು ಬೇಸಿಗೆ ಬಂದರೆ ಬೆಟ್ಟ ಹತ್ತಿ ಮೇಲೆ ಇರುತ್ತಿದ್ದರು, ತಂಪಾದ ಮೇಲೆ ಕಣಿವೆಗೆ ಇಳಿಯುತ್ತಿದ್ದರು. ಜಾಗ ಗೊತ್ತಿದ್ದವರು ಹಾಗೆ ಬದುಕಿದರು. ಇದನ್ನು ನಾನು ವಿಸಿಟರ್ ಸೆಂಟರ್‌ನಲ್ಲಿ ಓದಿ ತಿಳಿದದ್ದು. ನೀವೂ ಅಲ್ಲಿ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ಕೊನೆಗೆ ಮೆಸ್ಕೀಟ್ ಫ್ಲ್ಯಾಟ್ ಮರಳ ದಿಬ್ಬ. ವ್ಯಾನಿನೊಳಗಿಂದಲೇ ನೋಡಿದೆವು. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಯೊಬ್ಬರ ಚಪ್ಪಲಿ ಅಲ್ಲಿ ಕಳಚಿ, ಬರಿಗಾಲು ಸುಟ್ಟು ಆಸ್ಪತ್ರೆ ಸೇರಿದರು. ಆ ಬಿಸಿಗಾಳಿಯಲ್ಲಿ ಹೆಲಿಕಾಪ್ಟರ್ ಕೆಳಗಿಳಿಯಲಾಗದೆ, ಆಂಬ್ಯುಲೆನ್ಸ್‌ನಲ್ಲಿ ಎತ್ತರದ ಜಾಗಕ್ಕೆ ಒಯ್ದು ಅಲ್ಲಿಂದ ಹತ್ತಿಸಿದರು. ಹೆಬ್ಬೆರಳಿನ ಚಪ್ಪಲಿ ಬೇಡ, ಶೂ ಹಾಕಿಸಿ. ನಿಮ್ಮ ಅಪ್ಪ ಬೇಡ ಅನ್ನುತ್ತಾರೆ, ಗೊತ್ತು. ಈ ಕಥೆ ಹೇಳಿ.

ಕೃಷ್ಣೆ ದಡದವನು:

ಅಕ್ಕಾ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬಾ ಥ್ಯಾಂಕ್ಸ್. ವ್ಯಾನೇ ಅಂತ ತೀರ್ಮಾನ ಆಯ್ತು. ಊಟದ ಕಥೆ ಏನು? ಇಬ್ಬರೂ ಶುದ್ಧ ಸಸ್ಯಾಹಾರಿ. ಮೊಸರನ್ನ ಕಟ್ಟಿಕೊಂಡು ಹೋಗಬಹುದಾ? ಬಿಪಿ ಮಾತ್ರೆ ಬಗ್ಗೆಯೂ ಗೊತ್ತಿದ್ದವರು ಹೇಳಿ.

ಗುಳಿಗೆ ಡಬ್ಬಿ:

ಸ್ಯಾಕ್ರಮೆಂಟೋದಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಬಿಪಿ ಮಾತ್ರೆ ಯಾವುದು ಅಂತ ಮೊದಲು ನೋಡಿ. ಹೈಡ್ರೋಕ್ಲೋರೋಥಯಜೈಡ್ ಥರದ್ದು, ಅಂದರೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಮೈಯ ನೀರೂ ಉಪ್ಪೂ ಬೇಗ ಇಳಿಯುತ್ತವೆ. ಊರಲ್ಲಿ ಕೊಡುವ ಎಷ್ಟೋ ಬಿಪಿ ಮಾತ್ರೆಗಳಲ್ಲಿ ಇದು ಇನ್ನೊಂದು ಔಷಧಿಯ ಜೊತೆ ಸೇರಿರುತ್ತದೆ, ಪಟ್ಟಿಯ ಹಿಂದೆ ಓದಿ. ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಇದ್ದರೂ ಮೈ ಬಿಸಿಲಿಗೆ ಹೊಂದಿಕೊಳ್ಳುವುದು ಕಷ್ಟ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಊರಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಓಆರ್‌ಎಸ್ ಬಗ್ಗೆಯೂ ಅವರನ್ನೇ ಕೇಳಿ, ಅದರಲ್ಲೂ ಉಪ್ಪಿದೆ.

ತಲೆನೋವು, ತಲೆಸುತ್ತು, ವಾಕರಿಕೆ ಅಂದರೆ ತಕ್ಷಣ ಎಸಿಗೆ ಕರೆದುಕೊಂಡು ಬಂದು ನೀರು ಕೊಡಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅನ್ನುವುದೇ ತಿಳಿಯದಿದ್ದರೆ ಅದು ಎಮರ್ಜೆನ್ಸಿ. ಕಾಯಬೇಡಿ, ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಕಣಿವೆಯ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಗೈಡಿನ ಹತ್ತಿರ ಸ್ಯಾಟಲೈಟ್ ಫೋನೋ ರೇಡಿಯೋನೋ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದೀರಿ ತಾನೇ?

ಸೋನೆ ಮಳೆ:

ಅಕ್ಕನ ವಿವರ ಓದಿದ ಮೇಲೆ ನನ್ನ "ಬೇಡ" ಸ್ವಲ್ಪ ಸಡಿಲ ಆಯ್ತು. ದೊಡ್ಡ ಬಸ್ಸಿಗೆ ಮಾತ್ರ ಈಗಲೂ ಬೇಡ. ಮಳೆಯನ್ನೂ ಮರೆಯಬೇಡಿ. ಬೇಸಿಗೆಯಲ್ಲೇ ಅಲ್ಲಿ ದಿಢೀರ್ ಪ್ರವಾಹ ಬರುವುದು. 2022ರ ಆಗಸ್ಟ್ 5ರಂದು 37 ಮಿಲಿಮೀಟರ್ ಸುರಿದು ಸಾವಿರದಷ್ಟು ಜನ ಸಿಕ್ಕಿಹಾಕಿಕೊಂಡಿದ್ದರು. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಪಾರ್ಕು ಸುಮಾರು ಎರಡು ತಿಂಗಳು ಮುಚ್ಚಿತ್ತು. ಹಿಂದಿನ ದಿನ ರಾತ್ರಿ ಪಾರ್ಕಿನ ವೆಬ್‌ಸೈಟಿನಲ್ಲಿ ರಸ್ತೆ ಸ್ಥಿತಿ ನೋಡಿ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಕೊಡುವವರ ಹತ್ತಿರವೇ ಬುಕ್ ಮಾಡಿ.

ಮಂಡಕ್ಕಿ ಮೆಣಸಿನಕಾಯಿ:

ಊಟ: ಮೊಸರನ್ನ ಐಸ್ ಬಾಕ್ಸ್ ಇದ್ದರೆ ಮಾತ್ರ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದಿರುತ್ತದೆ. ನಾವು ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಒಯ್ದಿದ್ದೆವು. ಫರ್ನೆಸ್ ಕ್ರೀಕ್‌ನಲ್ಲಿ ಸಸ್ಯಾಹಾರಕ್ಕೆ ಆಯ್ಕೆ ಕಮ್ಮಿ, ದರ ಜಾಸ್ತಿ. ತಣ್ಣಗಿನ ಮಜ್ಜಿಗೆ ಫ್ಲಾಸ್ಕ್‌ನಲ್ಲಿ ಇರಲಿ, ಬೆಳಗಿನ ಹೊತ್ತಿಗೇ ಕುಡಿದು ಮುಗಿಸಿ.

ಬಟ್ಟೆ: ತೋಳು ಮುಚ್ಚುವ ಹತ್ತಿ ಬಟ್ಟೆ. ಅಮ್ಮ ಸೀರೆ ಉಡುವವರಾದರೆ ಹತ್ತಿ ಸೀರೆಯೇ ಸಾಕು. ಅಪ್ಪನ ಹೆಗಲ ಮೇಲೆ ಟವೆಲ್ ಇರುತ್ತದಲ್ಲ, ಅದನ್ನು ಪ್ರತಿ ಸ್ಟಾಪ್‌ನಲ್ಲೂ ಒದ್ದೆ ಮಾಡಿ ತಲೆ, ಕತ್ತಿಗೆ ಹಾಕಿಸಿ. ಆ ಒಣಗಾಳಿಗೆ ಒದ್ದೆ ಬಟ್ಟೆ ಚೆನ್ನಾಗಿ ತಂಪು ಕೊಡುತ್ತದೆ, ಹತ್ತು ನಿಮಿಷಕ್ಕೆ ಒಣಗಿಯೂ ಬಿಡುತ್ತದೆ. ಮಾವನ ಟವೆಲ್ ನೋಡಿ ವ್ಯಾನಿನಲ್ಲಿದ್ದ ಜರ್ಮನ್ ದಂಪತಿ ಕೂಡ ತಮ್ಮ ಸ್ಕಾರ್ಫ್ ಒದ್ದೆ ಮಾಡಿಕೊಂಡರು.

ಬುಕ್ ಮಾಡುವ ಮುಂಚೆ ಕೇಳಬೇಕಾದದ್ದು: ಡಾಂಟೇಸ್ ವ್ಯೂ ಇದೆಯಾ, ಇದ್ದರೆ ಬೆಳಗ್ಗೆಯೇನಾ ಸಂಜೆಯೇನಾ. ಪಾರ್ಕಿನ ಪ್ರವೇಶ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯಾ. ಹಿಂದಿನ ಸೀಟಿಗೂ ಎಸಿ ಬರುತ್ತದಾ. ನನ್ನ ಗೆಳತಿಯೊಬ್ಬಳು ಹೋದ ವ್ಯಾನಿನಲ್ಲಿ ತಂಪು ಮುಂದಿನ ಎರಡು ಸಾಲಿಗಷ್ಟೇ ಬರುತ್ತಿತ್ತಂತೆ. ಮಂಡಿ ನೋವು ಅಂತ ಮೊದಲೇ ಹೇಳಿ ಮುಂದಿನ ಸೀಟು ಹಿಡಿಯಿರಿ. ಎರಡೂ ಕೆಲಸ ಆಗುತ್ತದೆ.

ಅಂದಹಾಗೆ, ಈ ಪಾರ್ಕು ಕೊಡಗು ಜಿಲ್ಲೆಯ ಮೂರು ಪಟ್ಟಿಗಿಂತ ದೊಡ್ಡದು. ಒಂದೇ ದಿನಕ್ಕೆ ಎಲ್ಲಾ ನೋಡುವುದು ಆಗದ ಮಾತು. ತಾವೇ ಜಾರುವ ಕಲ್ಲುಗಳು ಇರುವ ರೇಸ್‌ಟ್ರ್ಯಾಕ್ ಬಗ್ಗೆ ಅಪ್ಪ ಕೇಳಿದರೆ ಈಗಲೇ ಬೇಡ ಅಂದುಬಿಡಿ. ಅದು ತುಂಬಾ ದೂರ, ರಸ್ತೆ ಕಲ್ಲು.

ಕೃಷ್ಣೆ ದಡದವನು:

ಬುಕ್ ಮಾಡಿದೆ. ಡಾಂಟೇಸ್ ವ್ಯೂ ಬೆಳಗ್ಗೆಯೇ ಇದೆ, ಮುಂದಿನ ಸೀಟೂ ಸಿಕ್ಕಿತು, ಇನ್ಶೂರೆನ್ಸ್ ಮೊದಲೇ ಮಾಡಿಸಿದ್ದೆ. ಮಾತ್ರೆ ಪಟ್ಟಿ ನೋಡಿದೆ, ನೀವು ಹೇಳಿದ್ದೇ ಇದೆ. ಊರಿನ ಡಾಕ್ಟರಿಗೆ ಇವತ್ತು ರಾತ್ರಿ ಫೋನ್ ಮಾಡುತ್ತೇನೆ. ಇಡೀ ಥ್ರೆಡ್ ಅಪ್ಪನಿಗೆ ಓದಿ ಹೇಳಿದೆ. ಬೆಲ್ಜಿಯಂನವರ ಕಾಲಿನ ಕಥೆ ಕೇಳಿ ಶೂ ಹಾಕಲು ಒಪ್ಪಿದರು. ಅವರದ್ದು ಒಂದೇ ಪ್ರಶ್ನೆ ಉಳಿದಿದೆ: ಬೆಳಗಿನ ಜಾವ 5ಕ್ಕೆ ಹೊರಟರೆ ದಾರಿಯಲ್ಲಿ ಟೀ ಎಲ್ಲಿ ಸಿಗುತ್ತೆ?

ಮಂಡಕ್ಕಿ ಮೆಣಸಿನಕಾಯಿ:

ಪಹ್ರಂಪ್‌ನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತಾರೆ. ಟೀ ಅಂತ ಕೇಳಿದರೆ ಬಿಸಿನೀರಿಗೆ ಒಂದು ಪೊಟ್ಟಣ ಅದ್ದಿ ಕೊಡುತ್ತಾರೆ. ಹೋಟೆಲ್ ರೂಮಿನಲ್ಲೇ ಮಾಡಿ ಫ್ಲಾಸ್ಕ್‌ಗೆ ತುಂಬಿಕೊಳ್ಳಿ. ಟಾಯ್ಲೆಟ್‌ಗೆ ಮಾತ್ರ ಅಲ್ಲೇ ಎಲ್ಲರೂ ಹೋಗಿ ಬನ್ನಿ. ಮುಂದಿನದ್ದು ತುಂಬಾ ದೂರ.